ಕೋಷ್ಟಕದೊಳಗೆ ಕಾಯ್ದಿಟ್ಟ ಕೆಲಸ

ಕೊಚ್ಚಿಯ ವೈಟ್ಟಿಲದಲ್ಲಿ ಮೂರು ಬಗೆಯ ಸಾರಿಗೆ ಒಂದೇ ಕಡೆ ಸೇರುತ್ತದೆ. 2011ರಲ್ಲಿ ತೆರೆದ ಮೊಬಿಲಿಟಿ ಹಬ್‌ನಲ್ಲಿ ಬಸ್ಸುಗಳು. ಅದಕ್ಕೆ ತಾಗಿದಂತೆ ಮೆಟ್ರೋ ನಿಲ್ದಾಣ. 2019ರ ಸೆಪ್ಟೆಂಬರಿನಲ್ಲಿ ರೈಲು ಮಹಾರಾಜಾಸ್ ಕಾಲೇಜಿನಿಂದ ತೈಕೂಡದವರೆಗೆ ಮುಂದುವರಿದಾಗ ಇದು ತೆರೆಯಿತು. ನೀರಿನ ಬದಿಯಲ್ಲಿ ವಾಟರ್ ಮೆಟ್ರೋದ ಜೆಟ್ಟಿ. 2023ರ ಏಪ್ರಿಲ್ ಕೊನೆಯಿಂದ ಇಲ್ಲಿಂದ ಕಾಕ್ಕನಾಡಿಗೆ ಬ್ಯಾಟರಿ ದೋಣಿಗಳು ಓಡುತ್ತಿವೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಇಲ್ಲಿಳಿದವರು ಚೀಲ ಹೆಗಲಿಗೇರಿಸಿ ನಡೆದೇ ರೈಲನ್ನೋ ದೋಣಿಯನ್ನೋ ಹಿಡಿಯಬಹುದು.

ಕಾಲಿಗೆ ಹತ್ತಿರವಾದ ಈ ಮೂರು ಕಂಪ್ಯೂಟರಿಗೆ ಬಹಳ ದೂರ. ದೂರದೂರಿನ ಸರ್ಕಾರಿ ಬಸ್ಸುಗಳ ಲೆಕ್ಕ ಇರುವುದು ಕೇರಳ ಆರ್‌ಟಿಸಿಯಲ್ಲಿ, ಅದರ ಕೇಂದ್ರ ಕಚೇರಿ ತಿರುವನಂತಪುರದಲ್ಲಿ. ಕೊಚ್ಚಿ ನಗರದೊಳಗೆ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವರದು. ಮೆಟ್ರೋ ಒಂದು ಕಂಪನಿ, ದೋಣಿ ಅದರ ಜೊತೆಗಿನ ಇನ್ನೊಂದು ಕಂಪನಿ. ಹೀಗೆ ಬೇರೆ ಬೇರೆ ಕೈಗಳಲ್ಲಿ ಹುಟ್ಟುವ ವೇಳಾಪಟ್ಟಿಗಳ ಅಚ್ಚು ಒಂದೇ ಆಗಿರುವುದಿಲ್ಲ. ಒಂದು ಡೇಟಾಬೇಸಿನಲ್ಲಿರುತ್ತದೆ, ಇನ್ನೊಂದು ಎಕ್ಸೆಲ್ ಹಾಳೆಯಲ್ಲಿ, ಮತ್ತೊಂದು ಬರೀ ಪಠ್ಯದ ಕಡತದಲ್ಲಿ. ‘ಆಲುವದಿಂದ ಕಾಕ್ಕನಾಡಿಗೆ ಈಗ ಹೊರಟರೆ ಎಷ್ಟು ಹೊತ್ತಿಗೆ ಮುಟ್ಟುತ್ತೇನೆ’ ಎಂಬ ಸರಳ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಇವೆಲ್ಲ ಮೊದಲು ಒಂದು ಕಡೆ ಬಂದು ಕೂಡಬೇಕು.

ಕೂಡಿಸಲು ಒಂದು ಸಾಮಾನ್ಯ ಅಚ್ಚು ಜಗತ್ತಿನಲ್ಲಿ ಆಗಲೇ ಇದೆ. ಅಮೆರಿಕದ ಪೋರ್ಟ್‌ಲೆಂಡ್ ನಗರದ ಸಾರಿಗೆ ಸಂಸ್ಥೆ ಟ್ರೈಮೆಟ್ 2005ರಲ್ಲಿ ಗೂಗಲ್ ಜೊತೆ ಸೇರಿ ರೂಪಿಸಿದ ಅದನ್ನು ಜಿಟಿಎಫ್‌ಎಸ್ ಎನ್ನುತ್ತಾರೆ. ನೋಡಲು ಅದು ಬಹಳ ಸಾದಾ: ನಿಲ್ದಾಣಗಳಿಗೊಂದು ಪಠ್ಯ ಕಡತ, ಮಾರ್ಗಗಳಿಗೊಂದು, ಒಂದೊಂದು ಓಟಕ್ಕೆ ಒಂದು, ಯಾವ ಓಟ ಯಾವ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಎಂಬುದಕ್ಕೆ ಇನ್ನೊಂದು. ಎಲ್ಲವನ್ನೂ ಒಂದು ಜಿಪ್ ಕಟ್ಟಿನಲ್ಲಿ ಕಟ್ಟಿಡುತ್ತಾರೆ. ಮಾರ್ಗದ ಬಗೆಯನ್ನು ಅಂಕಿಯಿಂದ ಗುರುತಿಸುತ್ತಾರೆ: ಮೆಟ್ರೋಗೆ 1, ಬಸ್ಸಿಗೆ 3, ದೋಣಿಗೆ 4. ಈ ಮೂರೂ ಅಂಕಿಗಳು ಅಕ್ಕಪಕ್ಕ ಬರುವ ತಾಣ ವೈಟ್ಟಿಲ. ಕೊಚ್ಚಿ ಮೆಟ್ರೋ 2018ರ ಮಾರ್ಚಿನಲ್ಲಿ ತನ್ನ ವೇಳಾಪಟ್ಟಿಯನ್ನು ಈ ಅಚ್ಚಿನಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟಿತು. ಭಾರತದ ಮೆಟ್ರೋಗಳಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ದೊಡ್ಡ ಮನಸ್ಸಿನ ಕೆಲಸ ಅದು, ಅದಕ್ಕೆ ಸಿಕ್ಕ ಮೆಚ್ಚುಗೆ ಕಡಿಮೆಯೇ ಆಯಿತು.

ತೆರೆದಿಟ್ಟ ಕಡತ ಎಲ್ಲರ ಕಣ್ಣಿಗೆ ಬೀಳುತ್ತದೆ. ಅದು ತಯಾರಾಗುವ ಬಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಅಧ್ಯಾಯ ಆ ಬಗೆಯ ಬಗ್ಗೆ.

ಜೋಡಣೆಯ ಕೆಲಸ ಎಷ್ಟು ನಾಜೂಕಿನದು ಎಂಬುದಕ್ಕೆ ಎರಡು ಉದಾಹರಣೆ ಸಾಕು. ರಾತ್ರಿ ಹನ್ನೊಂದಕ್ಕೆ ವೈಟ್ಟಿಲ ಬಿಟ್ಟ ಬಸ್ಸು ನಸುಕಿನ ನಾಲ್ಕೂವರೆಗೆ ತಿರುವನಂತಪುರ ಮುಟ್ಟುತ್ತದೆ ಎನ್ನೋಣ. ಜಿಟಿಎಫ್‌ಎಸ್‌ನಲ್ಲಿ ಅದನ್ನು 4:30 ಎಂದು ಬರೆಯುವಂತಿಲ್ಲ, 28:30:00 ಎಂದು ಬರೆಯಬೇಕು. ಬಸ್ಸು ಹೊರಟ ದಿನದ ಲೆಕ್ಕ ಅದು ಗುರಿ ಮುಟ್ಟುವವರೆಗೂ ಮುಂದುವರಿಯಬೇಕೆಂಬುದು ಅದರ ನಿಯಮ, ಇಲ್ಲವಾದರೆ ಬಸ್ಸು ಹೊರಡುವ ಮೊದಲೇ ತಲುಪಿದಂತಾಗುತ್ತದೆ. ಆದರೆ ಎಸ್‌ಕ್ಯೂಎಲ್ ಸರ್ವರಿನ ‘ಟೈಮ್’ ಎಂಬ ದತ್ತ ಬಗೆ 24 ಗಂಟೆಯ ಗಡಿ ದಾಟುವುದಿಲ್ಲ. 28:30 ಅನ್ನು ಅದರೊಳಗೆ ತುಂಬಲು ಹೋದರೆ ದೋಷ ಬರುತ್ತದೆ. ಹಾಗಾಗಿ ನಡುವೆ ಯಾರಾದರೂ ಅದನ್ನು ಸೆಕೆಂಡುಗಳ ಎಣಿಕೆಯಾಗಿ ಬದಲಿಸಿ, ಹೊರಗೆ ಕೊಡುವಾಗ ಮತ್ತೆ ಗಂಟೆ ನಿಮಿಷಕ್ಕೆ ತಿರುಗಿಸಬೇಕು.

ಎರಡನೆಯದು ಹೆಸರಿನದು. ಅದೇ ಮೆಟ್ರೋ ಮಾರ್ಗದಲ್ಲಿ ಕಲೂರ್ ಎಂಬ ನಿಲ್ದಾಣವಿದೆ. ಮಲಯಾಳಂನಲ್ಲಿ ಅದರ ಕೊನೆಯಲ್ಲಿ ಬರುವುದು ‘ಚಿಲ್ಲು’ ಎಂಬ ವಿಶೇಷ ಅಕ್ಷರ. 2008ರಲ್ಲಿ ಬಂದ ಯೂನಿಕೋಡ್ 5.1ಕ್ಕೆ ಮೊದಲು ಅದನ್ನು ರ, ಅದರ ಮೇಲೆ ಚಂದ್ರಕ್ಕಲ, ಆಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ, ಹೀಗೆ ಮೂರು ಸಂಕೇತಗಳಿಂದ ಬರೆಯುತ್ತಿದ್ದರು. 5.1ರಿಂದ ಅದಕ್ಕೆ ತನ್ನದೇ ಆದ ಒಂದು ಸಂಕೇತ ಸಿಕ್ಕಿತು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಕಂಪ್ಯೂಟರಿನ ಪಾಲಿಗೆ ಎರಡು ಬೇರೆ ಬೇರೆ ಹೆಸರು. ಯೂನಿಕೋಡಿನ ಪ್ರಮಾಣೀಕರಣದ ನಿಯಮಗಳು ಕೂಡ ಇವೆರಡನ್ನು ಒಂದು ಮಾಡುವುದಿಲ್ಲ. ಹಳೆಯ ಪಟ್ಟಿಯ ಕಲೂರ್ ಹೊಸ ಪಟ್ಟಿಯ ಕಲೂರಿಗೆ ಹೊಂದದೆ ಆ ನಿಲ್ದಾಣದ ಓಟಗಳೆಲ್ಲ ಸದ್ದಿಲ್ಲದೆ ಬಿಟ್ಟುಹೋಗಬಹುದು. ಕನ್ನಡದಲ್ಲಿ ಟೈಪು ಮಾಡುವವರಿಗೂ ಇದು ಹೊಸತಲ್ಲ. ಕಾಣದ ಜೋಡಕ ಸೇರಿದ ಪದವನ್ನು ಹುಡುಕಿದರೆ ಸಿಗದೆ ಹೋಗುವುದು ನಮ್ಮಲ್ಲೂ ಉಂಟು.

ಇಂಥ ನೂರಾರು ಸಣ್ಣ ತಿದ್ದುಪಡಿಗಳನ್ನು ದಿನವೂ ಕೈಯಿಂದ ಮಾಡಲಾಗದು. ಒಂದು ಕಡೆಯಿಂದ ತೆಗೆ, ತಿದ್ದು, ಇನ್ನೊಂದು ಕಡೆ ತುಂಬು ಎಂಬ ಈ ಹೆಜ್ಜೆಗಳನ್ನು ಒಂದು ಸಲ ಬರೆದು ಕಟ್ಟಿಟ್ಟರೆ ಅದೇ ಪ್ಯಾಕೇಜ್. ಮೈಕ್ರೋಸಾಫ್ಟ್ 1998ರ ಎಸ್‌ಕ್ಯೂಎಲ್ ಸರ್ವರ್ 7.0ರಲ್ಲಿ ಡಿಟಿಎಸ್ ಎಂಬ ಹೆಸರಿನಲ್ಲಿ ಇದಕ್ಕೊಂದು ಸಲಕರಣೆ ಕೊಟ್ಟಿತು. 2005ರ ಆವೃತ್ತಿಯಲ್ಲಿ ಅದನ್ನು ಪೂರ್ತಿ ಹೊಸದಾಗಿ ಕಟ್ಟಿ ಇಂಟಿಗ್ರೇಷನ್ ಸರ್ವೀಸಸ್ ಎಂದು ಕರೆಯಿತು. ಬಳಸುವವರ ಬಾಯಲ್ಲಿ ಅದು ಎಸ್‌ಎಸ್‌ಐಎಸ್. ಕೊಚ್ಚಿಯ ಸಂಸ್ಥೆಗಳು ಒಳಗೆ ಯಾವ ತಂತ್ರಾಂಶ ಇಟ್ಟುಕೊಂಡಿವೆ ಎಂಬುದು ಇಲ್ಲಿಯ ಮಾತಲ್ಲ. ವೈಟ್ಟಿಲದ ಮೂರು ವೇಳಾಪಟ್ಟಿಗಳನ್ನು ಕೂಡಿಸುವ ಒಂದು ಪ್ಯಾಕೇಜನ್ನು ನಾವೇ ಎಸ್‌ಎಸ್‌ಐಎಸ್‌ನಲ್ಲಿ ಕಟ್ಟಿದ್ದೇವೆ, ಅದು ದಿನವೂ ರಾತ್ರಿ ಎರಡಕ್ಕೆ ಓಡಬೇಕು ಎಂದು ಇಟ್ಟುಕೊಳ್ಳೋಣ.

ಕಟ್ಟಿದ ಪ್ಯಾಕೇಜನ್ನು ಎಲ್ಲಿಡುವುದು? ಕಡತವಾಗಿ ಒಂದು ಫೋಲ್ಡರಿನಲ್ಲಿ ಇಡಬಹುದು. ಡೇಟಾಬೇಸ್ ಸರ್ವರಿನ ಒಳಗೇ ಇಡಬಹುದು. ಎರಡನೆಯದನ್ನು ಆರಿಸಿದರೆ ಅದು ಹೋಗಿ ಕೂರುವುದು ಎಂಎಸ್‌ಡಿಬಿ ಎಂಬ ವ್ಯವಸ್ಥೆಯ ಡೇಟಾಬೇಸಿನ ಒಂದು ಕೋಷ್ಟಕದಲ್ಲಿ. 2008ರ ಆವೃತ್ತಿಯಿಂದ ಆ ಕೋಷ್ಟಕದ ಹೆಸರು ಸಿಸ್‌ಎಸ್‌ಎಸ್‌ಐಎಸ್‌ಪ್ಯಾಕೇಜಸ್. ಒಂದು ಪ್ಯಾಕೇಜಿಗೆ ಒಂದು ಸಾಲು. ಅದರ ಒಂದು ಅಂಕಣದಲ್ಲಿ ಹೆಸರು, ಇನ್ನೊಂದರಲ್ಲಿ ಅದು ಸೇರಿದ ಫೋಲ್ಡರು, ಮತ್ತೊಂದರಲ್ಲಿ ಪೂರ್ತಿ ಪ್ಯಾಕೇಜು ಎಕ್ಸ್‌ಎಂಎಲ್ ಪಠ್ಯದ ರೂಪದಲ್ಲಿ, ಬೈಟುಗಳ ಮೂಟೆಯಾಗಿ. ಪ್ರಯಾಣಿಕರ ಸಂಖ್ಯೆ, ಟಿಕೆಟ್ ದರ, ನಿಲ್ದಾಣದ ಅಕ್ಷಾಂಶ ರೇಖಾಂಶಗಳನ್ನು ಇಟ್ಟುಕೊಳ್ಳುವ ಅದೇ ಯಂತ್ರ ಈಗ ಅವುಗಳ ಮೇಲೆ ನಡೆಯಬೇಕಾದ ಕೆಲಸವನ್ನೂ ಒಂದು ಸಾಲಾಗಿ ಇಟ್ಟುಕೊಂಡಿದೆ.

ಗಣಕ ವಿಜ್ಞಾನದ ಮೂಲಕ್ಕೆ ಹೋಗುವ ವಿಚಾರ ಇದು. 1940ರ ದಶಕದ ಎನಿಯಾಕ್ ಯಂತ್ರಕ್ಕೆ ಹೊಸ ಲೆಕ್ಕ ಕೊಡಬೇಕಾದರೆ ತಂತಿಗಳನ್ನು ಕಿತ್ತು ಬೇರೆ ಕಡೆ ಸಿಕ್ಕಿಸಿ, ಸ್ವಿಚ್ಚುಗಳನ್ನು ತಿರುಗಿಸಬೇಕಿತ್ತು, ಅದಕ್ಕೆ ದಿನಗಟ್ಟಲೆ ಹಿಡಿಯುತ್ತಿತ್ತು. 1945ರ ಜೂನಿನಲ್ಲಿ ಜಾನ್ ಫಾನ್ ನಾಯ್ಮನ್ ಹೆಸರಿನಲ್ಲಿ ಹೊರಬಂದ ಎಡ್‌ವ್ಯಾಕ್ ಕರಡು ವರದಿ, ಅಂಕಿಗಳಿರುವ ಸ್ಮೃತಿಯಲ್ಲೇ ಆದೇಶಗಳನ್ನೂ ಇಡಬಹುದು ಎಂಬ ವಿಚಾರವನ್ನು ಹರಡಿತು. 1948ರ ಜೂನ್ 21ರಂದು ಮ್ಯಾಂಚೆಸ್ಟರಿನ ‘ಬೇಬಿ’ ಎಂಬ ಪುಟ್ಟ ಯಂತ್ರ ಹಾಗೆ ಸ್ಮೃತಿಯಲ್ಲಿಟ್ಟ ಮೊದಲ ಪ್ರೋಗ್ರಾಮನ್ನು ಓಡಿಸಿತು. ಆದೇಶವೂ ಒಂದು ದತ್ತಾಂಶವೇ ಎಂದಾದ ಮೇಲೆ ಅದನ್ನು ನಕಲು ಮಾಡಬಹುದು, ಕಳಿಸಬಹುದು, ಕೋಷ್ಟಕದಲ್ಲಿಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಇನ್ನೊಂದು ಪ್ರೋಗ್ರಾಮು ಅದನ್ನು ತೆರೆದು ಓದಬಹುದು.

ಈ ತೆರೆದು ಓದುವುದು ಎಸ್‌ಎಸ್‌ಐಎಸ್‌ನಲ್ಲಿ ಹೀಗೆ ನಡೆಯುತ್ತದೆ. ಸಿ ಶಾರ್ಪ್ ಭಾಷೆಯಲ್ಲಿ ಬರೆದ ನಮ್ಮ ಪ್ರೋಗ್ರಾಮು ಮೊದಲು ‘ಅಪ್ಲಿಕೇಷನ್’ ಎಂಬ ಒಂದು ವಸ್ತುವನ್ನು ಹುಟ್ಟಿಸುತ್ತದೆ. ಅದರ ‘ಲೋಡ್ ಫ್ರಮ್ ಎಸ್‌ಕ್ಯೂಎಲ್ ಸರ್ವರ್’ ಎಂಬ ವಿಧಾನಕ್ಕೆ ಪ್ಯಾಕೇಜಿನ ದಾರಿ, ಸರ್ವರಿನ ಹೆಸರು, ಬಳಕೆದಾರನ ಹೆಸರು, ಪಾಸ್‌ವರ್ಡ್ ಕೊಡುತ್ತದೆ. ಬಳಕೆದಾರನ ಜಾಗವನ್ನು ಖಾಲಿ ಬಿಟ್ಟರೆ ಪ್ರೋಗ್ರಾಮನ್ನು ಯಾರ ವಿಂಡೋಸ್ ಖಾತೆಯಿಂದ ಓಡಿಸಿದ್ದೇವೋ ಆ ಗುರುತೇ ಬಾಗಿಲು ತೆರೆಯುತ್ತದೆ, ಪಾಸ್‌ವರ್ಡನ್ನು ಕೋಡಿನಲ್ಲಿ ಬರೆಯುವ ಅಪಾಯ ತಪ್ಪುತ್ತದೆ. ಇದಕ್ಕೆ ಹೋಲುವ ‘ಲೋಡ್ ಫ್ರಮ್ ಡಿಟಿಎಸ್ ಸರ್ವರ್’ ಎಂಬ ಇನ್ನೊಂದು ವಿಧಾನವಿದೆ. ಮೊದಲನೆಯದು ನೇರ ಎಂಎಸ್‌ಡಿಬಿಯ ಕೋಷ್ಟಕಕ್ಕೆ ಹೋಗುತ್ತದೆ. ಎರಡನೆಯದು ಇಂಟಿಗ್ರೇಷನ್ ಸರ್ವೀಸಸ್ ಎಂಬ ನಡುವಿನ ಸೇವೆಯ ಮೂಲಕ ಹೋಗುವುದರಿಂದ ಆ ಸೇವೆ ಉಸ್ತುವಾರಿ ನೋಡುವ ಕಡತಗಳ ಸಂಗ್ರಹವನ್ನೂ ಮುಟ್ಟಬಲ್ಲದು. ದಾರಿ ಬರೆಯುವ ಕ್ರಮವೂ ಎರಡರಲ್ಲಿ ಬೇರೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿ.

ಕರೆ ಫಲಿಸಿದರೆ ಕೈಗೆ ಬರುವುದು ಪ್ಯಾಕೇಜಿನ ಜೀವಂತ ರೂಪ. ಅದನ್ನು ತಕ್ಷಣ ಓಡಿಸಲೇಬೇಕೆಂದಿಲ್ಲ. ಒಳಗೆ ಯಾವ ಯಾವ ಕೆಲಸಗಳಿವೆ, ಯಾವ ಡೇಟಾಬೇಸಿಗೆ ಸಂಪರ್ಕ, ಯಾವ ಚರಗಳಿಗೆ ಯಾವ ಬೆಲೆ ಎಂದು ಒಂದೊಂದೇ ಕೊಂಬೆ ಹಿಡಿದು ನೋಡುತ್ತ ಹೋಗಬಹುದು. ನಾಳೆ ಓಣಂ, ವೇಳಾಪಟ್ಟಿ ಬದಲು ಎಂದಾದರೆ ದಿನಾಂಕದ ಚರವನ್ನು ಕೋಡಿನಿಂದಲೇ ತಿದ್ದಿ ಓಡಿಸಬಹುದು, ಸರ್ವರಿನಲ್ಲಿರುವ ಮೂಲ ಹಾಗೇ ಉಳಿಯುತ್ತದೆ. ನನಗೆ ಇದಕ್ಕಿಂತ ಹೆಚ್ಚು ಬೆಲೆಬಾಳುವುದೆಂದು ಕಾಣುವುದು ಇನ್ನೊಂದು ಬಳಕೆ. ಒಂದು ಫೋಲ್ಡರಿನಲ್ಲಿರುವ ಪ್ಯಾಕೇಜುಗಳ ಪಟ್ಟಿಯನ್ನು ಕೇಳಿ ಪಡೆದು, ಒಂದೊಂದನ್ನೇ ಲೋಡ್ ಮಾಡಿ, ಸಂಪರ್ಕದ ವಿವರಗಳನ್ನಷ್ಟೇ ಓದಿ ಬರುವ ಪ್ರೋಗ್ರಾಮನ್ನು ಐವತ್ತು ಸಾಲಿನೊಳಗೆ ಬರೆಯಬಹುದು. ನಿಲ್ದಾಣಗಳ ಪಟ್ಟಿ ಇರುವ ಹಳೆಯ ಸರ್ವರನ್ನು ತೆಗೆಯುವ ಮೊದಲು, ಅದನ್ನು ನೆಚ್ಚಿಕೊಂಡಿರುವ ಪ್ಯಾಕೇಜುಗಳು ಯಾವುವು ಎಂದು ಅದು ಹೇಳಿಬಿಡುತ್ತದೆ. ಆ ಮಾಹಿತಿ ಯಾರದೋ ನೆನಪಿನಲ್ಲಿ ಮಾತ್ರ ಇದ್ದರೆ ಅವರು ನಿವೃತ್ತರಾದ ದಿನ ಅದೂ ಹೋಯಿತು.

ಪ್ಯಾಕೇಜು ಸರ್ವರಿನಿಂದ ಬಂತು, ಆದರೆ ಓಡುವುದು ಎಲ್ಲಿ? ಸರ್ವರಿನಲ್ಲಿ ಎಂದು ಬಹಳ ಮಂದಿ ತಿಳಿದಿರುತ್ತಾರೆ. ಹಾಗಲ್ಲ. ಯಕ್ಷಗಾನ ಪ್ರಸಂಗದ ಪುಸ್ತಕ ಕುಂಬಳೆಯ ಭಾಗವತರ ಮನೆಯಲ್ಲಿ ಇರಬಹುದು, ಆಟ ನಡೆಯುವುದು ಅದನ್ನು ಒಯ್ದವರ ಬಯಲಿನಲ್ಲಿ. ಚೆಂಡೆ, ಮದ್ದಳೆ, ವೇಷದ ಪೆಟ್ಟಿಗೆ, ಹಾಡುವ ದನಿ ಎಲ್ಲವೂ ಆ ಬಯಲಿನಲ್ಲೇ ಒದಗಬೇಕು. ಕೋಡಿನಲ್ಲಿ ಲೋಡ್ ಮಾಡಿದ ಪ್ಯಾಕೇಜು ಕೂಡ ಕರೆದ ಪ್ರೋಗ್ರಾಮು ಇರುವ ಯಂತ್ರದಲ್ಲಿ, ಅದರ ಸ್ಮೃತಿಯಲ್ಲಿ, ಅದರ ಖಾತೆಯ ಹಕ್ಕಿನಲ್ಲಿ ಓಡುತ್ತದೆ. ಇಂಟಿಗ್ರೇಷನ್ ಸರ್ವೀಸಸ್ ಆ ಯಂತ್ರದಲ್ಲಿ ಸ್ಥಾಪನೆಯಾಗಿರಬೇಕು. ಎಕ್ಸೆಲ್ ಹಾಳೆ ಓದುವುದಿದ್ದರೆ ಅದರ ಚಾಲಕ ತಂತ್ರಾಂಶವೂ ಅಲ್ಲೇ ಇರಬೇಕು. ಹಳೆಯ ಜೆಟ್ ಚಾಲಕ 32 ಬಿಟ್ಟಿನದಷ್ಟೇ ಸಿಗುವುದರಿಂದ 64 ಬಿಟ್ಟಿನ ಪ್ರೋಗ್ರಾಮಿನೊಳಗೆ ಅದು ಏಳುವುದೇ ಇಲ್ಲ. ‘ಸಿ ಡ್ರೈವಿನ ಇಂಥ ಫೋಲ್ಡರು’ ಎಂದು ಪ್ಯಾಕೇಜಿನಲ್ಲಿ ಬರೆದಿದ್ದರೆ ಅದು ಕರೆದ ಯಂತ್ರದ ಸಿ ಡ್ರೈವ್, ಸರ್ವರಿನದಲ್ಲ. ಸರ್ವರಿನಲ್ಲೇ ಓಡಬೇಕಿದ್ದರೆ ಎಸ್‌ಕ್ಯೂಎಲ್ ಸರ್ವರ್ ಏಜೆಂಟಿನಲ್ಲಿ ಒಂದು ಜಾಬ್ ಮಾಡಿಟ್ಟು ನಮ್ಮ ಪ್ರೋಗ್ರಾಮು ಆ ಜಾಬನ್ನು ಎಬ್ಬಿಸುವುದು ಹಳೆಯ, ಗಟ್ಟಿಯಾದ ದಾರಿ.

ಬೀಗದ ಕೈ ಯಾರದು ಎಂಬುದು ಇನ್ನೂ ಸಿಕ್ಕಿನ ಸಂಗತಿ. ಪ್ಯಾಕೇಜಿನೊಳಗೆ ಪಾಸ್‌ವರ್ಡುಗಳಿರುತ್ತವೆ. ನಾವು ಬೇರೆ ಏನೂ ಹೇಳದಿದ್ದರೆ ಎಸ್‌ಎಸ್‌ಐಎಸ್ ಅವುಗಳನ್ನು ಪ್ಯಾಕೇಜು ಬರೆದವರ ವಿಂಡೋಸ್ ಖಾತೆಗೆ ಕಟ್ಟುಬಿದ್ದ ಕೀಲಿಯಿಂದ ಗುಪ್ತಲಿಪಿಗೆ ತಿರುಗಿಸುತ್ತದೆ. ಬರೆದವರು ತಮ್ಮ ಮೇಜಿನಲ್ಲಿ ಓಡಿಸಿದರೆ ಸರಾಗ. ಅದೇ ಪ್ಯಾಕೇಜನ್ನು ರಾತ್ರಿ ಎರಡಕ್ಕೆ ಸೇವಾ ಖಾತೆಯೊಂದು ಲೋಡ್ ಮಾಡಿದರೆ ಗುಪ್ತ ಭಾಗ ಬಿಚ್ಚುವುದಿಲ್ಲ, ಪಾಸ್‌ವರ್ಡಿನ ಜಾಗ ಖಾಲಿಯಾಗಿ ಸಂಪರ್ಕ ಮುರಿಯುತ್ತದೆ. ಹಗಲೆಲ್ಲ ಸರಿಯಿದ್ದದ್ದು ರಾತ್ರಿ ಕೈಕೊಡುವ ಈ ಕಥೆ ಜಗತ್ತಿನ ಎಷ್ಟೋ ಕಚೇರಿಗಳದು. ಪರಿಹಾರಗಳಿವೆ. ಗುಪ್ತ ವಿವರಗಳನ್ನು ಉಳಿಸಲೇಬೇಡ ಎಂದು ಹೇಳಿ ಓಡಿಸುವಾಗ ಹೊರಗಿನಿಂದ ಕೊಡಬಹುದು. ಪ್ಯಾಕೇಜಿಗೇ ಒಂದು ಪಾಸ್‌ವರ್ಡ್ ಹಾಕಿ ಲೋಡ್ ಮಾಡುವ ಕೋಡಿಗೆ ಅದನ್ನು ತಿಳಿಸಬಹುದು. ಎಂಎಸ್‌ಡಿಬಿಯಲ್ಲಿ ಇಟ್ಟ ಪ್ಯಾಕೇಜಿಗೆ ಮಾತ್ರ ಸಲ್ಲುವ ಮೂರನೆಯ ಉಪಾಯ, ಕಾವಲನ್ನು ಪೂರ್ತಿ ಸರ್ವರಿಗೆ ಒಪ್ಪಿಸುವುದು. ಆಗ ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಡೇಟಾಬೇಸಿನ ಪಾತ್ರಗಳು ತೀರ್ಮಾನಿಸುತ್ತವೆ. ಆಡಳಿತಗಾರನಿಗೊಂದು, ಓಡಿಸುವವನಿಗೊಂದು, ತನ್ನದನ್ನಷ್ಟೇ ನೋಡಿಕೊಳ್ಳುವ ಸೀಮಿತ ಬಳಕೆದಾರನಿಗೊಂದು, ಹೀಗೆ ಮೂರು ಪಾತ್ರಗಳನ್ನು ಅಲ್ಲಿ ಮೊದಲೇ ಮಾಡಿಟ್ಟಿರುತ್ತಾರೆ. ಸಾರ್ವಜನಿಕ ಸಂಸ್ಥೆಗೆ ಈ ಮೂರನೆಯದೇ ಸರಿ ಎಂದು ನನ್ನ ಅಭಿಪ್ರಾಯ. ಊರಿನ ವೇಳಾಪಟ್ಟಿ ಒಬ್ಬ ಉದ್ಯೋಗಿಯ ಲಾಗಿನ್ನಿಗೆ ಕಟ್ಟುಬೀಳಬಾರದು.

ಆವೃತ್ತಿಯ ಮಾತೂ ಇದೆ. ಎಂಎಸ್‌ಡಿಬಿಯಲ್ಲಿ ಅದೇ ಹೆಸರಿಗೆ ಹೊಸ ಪ್ಯಾಕೇಜು ಉಳಿಸಿದರೆ ಹಳೆಯದು ಅಳಿಸಿಹೋಗುತ್ತದೆ. ಸಾಲಿನಲ್ಲಿ ಆವೃತ್ತಿಯ ಅಂಕಿ ಬದಲಾಗುತ್ತದೆ, ಹಿಂದಿನ ಪಠ್ಯ ಸಿಗದು. ಕಳೆದ ಮಂಗಳವಾರ ಕಾಕ್ಕನಾಡಿನ ದೋಣಿಗಳು ಪಟ್ಟಿಯಿಂದ ಏಕೆ ಬಿಟ್ಟುಹೋದವು ಎಂದು ತನಿಖೆ ಮಾಡಲು ಹೊರಟರೆ ಆ ಮಂಗಳವಾರ ಓಡಿದ ಪ್ಯಾಕೇಜೇ ಇರುವುದಿಲ್ಲ. 2012ರಲ್ಲಿ ಮೈಕ್ರೋಸಾಫ್ಟ್ ಎಸ್‌ಎಸ್‌ಐಎಸ್‌ಡಿಬಿ ಎಂಬ ಪ್ರತ್ಯೇಕ ಕ್ಯಾಟಲಾಗ್ ತಂದದ್ದಕ್ಕೆ ಇಂಥ ಕೊರತೆಗಳೇ ಕಾರಣ. ಅದರಲ್ಲಿ ಪ್ಯಾಕೇಜುಗಳು ಪ್ರಾಜೆಕ್ಟಾಗಿ ಒಟ್ಟಿಗೆ ಹೋಗಿ ಕೂರುತ್ತವೆ. ನಾವು ಬದಲಿಸದಿದ್ದರೆ ಹಿಂದಿನ ಹತ್ತು ಆವೃತ್ತಿಗಳು ಉಳಿಯುತ್ತವೆ, ಬೇಕಾದದ್ದಕ್ಕೆ ಮರಳಬಹುದು. ಗುಪ್ತ ವಿವರಗಳ ಕೀಲಿ ಡೇಟಾಬೇಸಿನದು, ವ್ಯಕ್ತಿಯದಲ್ಲ. ಓಡಿಸುವ ರೀತಿಯೂ ಬದಲಾಯಿತು. ಪ್ಯಾಕೇಜನ್ನು ನಮ್ಮ ಪ್ರೋಗ್ರಾಮಿಗೆ ತಂದುಕೊಳ್ಳುವ ಬದಲು ‘ಒಂದು ಓಟ ತಯಾರು ಮಾಡು’, ‘ಶುರು ಮಾಡು’ ಎಂದು ಎರಡು ಆದೇಶಗಳನ್ನು ಡೇಟಾಬೇಸಿಗೆ ಕಳಿಸಿದರೆ ಅದು ಸರ್ವರಿನಲ್ಲೇ ಓಡುತ್ತದೆ. ಪ್ರತಿ ಓಟಕ್ಕೂ ಒಂದು ಸಾಲು ದಾಖಲೆ, ಆ ಸಾಲಿನಲ್ಲಿ ಯಾವ ಆವೃತ್ತಿ ಓಡಿತು ಎಂಬ ಗುರುತು.

ಪ್ಯಾಕೇಜನ್ನು ಡೇಟಾಬೇಸಿನಲ್ಲಿ ಇಡುವ ಇನ್ನೊಂದು ದಾರಿಯನ್ನು ಮುಕ್ತ ತಂತ್ರಾಂಶದ ಲೋಕ ತೋರಿಸಿದೆ. ಶಾಲೆಗಳಲ್ಲಿ ಗ್ನೂ/ಲಿನಕ್ಸನ್ನು ನೆಲೆಗೊಳಿಸಿದ ಕೇರಳದಲ್ಲಿ ಈ ದಾರಿ ನೆನಪಾಗುವುದು ಸಹಜ. ಬೆಲ್ಜಿಯಂನ ಮ್ಯಾಟ್ ಕಾಸ್ಟರ್ಸ್ ಬರೆದು 2005ರ ಕೊನೆಗೆ ಮುಕ್ತಗೊಳಿಸಿದ ಕೆಟಲ್ ಎಂಬ ಸಲಕರಣೆ, ಮರುವರ್ಷ ಪೆಂಟಾಹೋ ಕಂಪನಿಯ ಕೈಸೇರಿತು. ಅದರ ಡೇಟಾಬೇಸ್ ರೆಪಾಸಿಟರಿಯಲ್ಲಿ ಕೆಲಸವನ್ನು ಒಂದೇ ಮೂಟೆಯಾಗಿ ಇಡುವುದಿಲ್ಲ, ಬಿಡಿಸಿ ಇಡುತ್ತಾರೆ. ಹೆಜ್ಜೆಗಳಿಗೆ ಒಂದು ಕೋಷ್ಟಕ, ಹೆಜ್ಜೆಯ ಗುಣಗಳಿಗೆ ಒಂದು, ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಹೋಗುವ ಕೊಂಡಿಗಳಿಗೆ ಇನ್ನೊಂದು. ಜಾವಾ ಪ್ರೋಗ್ರಾಮು ರೆಪಾಸಿಟರಿಗೆ ಸಂಪರ್ಕ ಮಾಡಿ ಹೆಸರು ಮತ್ತು ಫೋಲ್ಡರು ಕೊಟ್ಟರೆ ಈ ಚದುರಿದ ಸಾಲುಗಳೆಲ್ಲ ಸೇರಿ ಮತ್ತೆ ಒಂದು ಕೆಲಸವಾಗಿ ಎದ್ದು ನಿಲ್ಲುತ್ತವೆ. ಯಾವ ಹೆಜ್ಜೆ ಯಾವ ಕೋಷ್ಟಕವನ್ನು ಮುಟ್ಟುತ್ತದೆ ಎಂದು ತಿಳಿಯಲು ಪ್ಯಾಕೇಜುಗಳನ್ನು ಲೋಡ್ ಮಾಡುವುದೂ ಬೇಡ, ಸಾಮಾನ್ಯ ಎಸ್‌ಕ್ಯೂಎಲ್ ಪ್ರಶ್ನೆ ಸಾಕು. ಅದರ ಪಾಸ್‌ವರ್ಡುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ತಾನಾಗಿ ಅದು ಮಾಡುವುದು ಮರೆಮಾಚುವಿಕೆ ಅಷ್ಟೇ, ನಿಜವಾದ ಗುಪ್ತಲಿಪಿಯಲ್ಲ.

ಎರಡೂ ದಾರಿಗಳಲ್ಲಿ ತಾತ್ಪರ್ಯ ಒಂದೇ: ಜೋಡಿಸುವ ಕೆಲಸವೂ ಒಂದು ದಾಖಲೆ. ಕೊಚ್ಚಿ ಮಹಾನಗರದ ಸಾರಿಗೆಯನ್ನು ಒಂದು ಸೂರಿನಡಿ ನೋಡಿಕೊಳ್ಳಲು 2020ರ ನವೆಂಬರಿನಲ್ಲಿ ಒಂದು ಪ್ರಾಧಿಕಾರವೇ ಬಂತು. ಬಸ್ಸು, ರೈಲು, ದೋಣಿಗಳ ದತ್ತಾಂಶ ಒಂದಾಗುವ ಕೆಲಸ ಮುಂದುವರಿದಂತೆ ಆ ಜೋಡಣೆಯ ಹೆಜ್ಜೆಗಳು ನಾಗರಿಕರಿಗೂ ಕಾಣಬೇಕು. 28:30ರ ಬಸ್ಸನ್ನು ಹೇಗೆ ಲೆಕ್ಕ ಹಾಕಿದರು, ಎರಡು ಕಲೂರುಗಳನ್ನು ಹೇಗೆ ಒಂದು ಮಾಡಿದರು ಎಂಬುದು ಗುಟ್ಟಲ್ಲ. ಪಾಸ್‌ವರ್ಡುಗಳನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೊರಗಿಡಬಹುದಾದದ್ದೇ. ತಪ್ಪು ಕಂಡ ವಿದ್ಯಾರ್ಥಿಯೋ ದೋಣಿಯ ಪ್ರಯಾಣಿಕರೋ ಆಗ ಇಂಥ ಹೆಜ್ಜೆಯಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಬಲ್ಲರು.

ಇದಕ್ಕೆ ಹೊಸ ವ್ಯವಸ್ಥೆಯೇನೂ ಬೇಕಿಲ್ಲ. ಜಿಟಿಎಫ್‌ಎಸ್ ಕಟ್ಟಿನಲ್ಲಿ ಫೀಡ್‌ಇನ್ಫೋ ಎಂಬ ಪುಟ್ಟ ಕಡತಕ್ಕೆ ಜಾಗವಿದೆ. ಪ್ರಕಟಿಸಿದವರು ಯಾರು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಊರ್ಜಿತ, ಇದು ಎಷ್ಟನೆಯ ಆವೃತ್ತಿ ಎಂಬ ವಿವರಗಳು ಅದರಲ್ಲಿರುತ್ತವೆ. ಆವೃತ್ತಿಯ ಆ ಅಂಕಣದಲ್ಲಿ ಯಾವ ಅಕ್ಷರಸರಣಿಯನ್ನಾದರೂ ಬರೆಯಬಹುದು. ರಾತ್ರಿಯ ಓಟ ಮುಗಿದ ಮೇಲೆ ಕ್ಯಾಟಲಾಗಿನ ದಾಖಲೆಯಿಂದ ಅಂದು ಓಡಿದ ಪ್ರಾಜೆಕ್ಟಿನ ಆವೃತ್ತಿಯ ಗುರುತನ್ನು ಓದಿ ಆ ಅಂಕಣಕ್ಕೆ ಸೇರಿಸುವ ಒಂದು ಹೆಜ್ಜೆಯನ್ನು ಅದೇ ಪ್ರೋಗ್ರಾಮಿನ ಕೊನೆಯಲ್ಲಿ ಬರೆದರಾಯಿತು.